ಹಸನು ಮಾಡಿದ ಬೇಳೆ

ಯುಗಾದಿ ಕಳೆದ ಮರುವಾರ ಸಂಶಿಯ ಬಸ್ ಸ್ಟ್ಯಾಂಡಿನ ಬಾಜು ‘ರಿಯಾಯತಿ ಬಜಾರ’ ಎಂಬ ಹೊಸ ಅಂಗಡಿ ತೆರೆಯಿತು. ಹುಬ್ಬಳ್ಳಿಯ ನಾಲ್ಕೈದು ಮಂದಿ ವ್ಯಾಪಾರಸ್ಥರು ಕೂಡಿ ಹಾಕಿದ ಅಂಗಡಿ ಅದು. ಅಲ್ಲಿ ತಕ್ಕಡಿಯ ಮುಂದೆ ನಿಂತು ಕಾಯುವ ಕೆಲಸವಿರಲಿಲ್ಲ. ಬೇಳೆ, ಸಕ್ಕರೆ, ರವೆ, ಚಹಪುಡಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಸಾಲಾಗಿ ಇಟ್ಟಿದ್ದರು. ಬೇಕಾದ್ದನ್ನು ಕೈಯಾರೆ ಎತ್ತಿಕೊಂಡು ಬಾಗಿಲಲ್ಲಿ ರೊಕ್ಕ ಕೊಟ್ಟರಾಯಿತು. ದರ ಎಲ್ಲ ಕಡೆಗಿಂತ ಕಡಿಮೆ. ಯರಗುಪ್ಪಿಯಿಂದ, ಸುತ್ತಲಿನ ಹಳ್ಳಿಗಳಿಂದ ಬಸ್ಸಿಳಿದ ಜನ ನೆಟ್ಟಗೆ ಅಲ್ಲಿಗೇ ಹೋಗತೊಡಗಿದರು.

ಅದರ ಬಿಸಿ ಮೊದಲು ತಟ್ಟಿದ್ದು ಪೇಟೆ ಓಣಿಯ ಕುಬೇರಪ್ಪನಿಗೆ. ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ತಂದೆಯ ಕಾಲದಿಂದ ನಡೆದುಬಂದದ್ದು. ಕುಬೇರಪ್ಪ ದರ ಇಳಿಸಿದವನಲ್ಲ, ಮಾಲಿನಲ್ಲಿ ಮೋಸ ಮಾಡಿದವನೂ ಅಲ್ಲ. ಹುಬ್ಬಳ್ಳಿಗೆ ತಾನೇ ಹೋಗಿ, ಚೀಲದೊಳಗೆ ಮೊಳಕೈತನಕ ಕೈ ಹಾಕಿ ನೋಡಿ ಮಾಲು ತರುತ್ತಿದ್ದ. ಗಿರಾಕಿಗಳು ದರದ ಬಗ್ಗೆ ಗೊಣಗಿದರೆ, “ನಾಕಾಣೆ ಹೆಚ್ಚಾದ್ರೂ ಊಟಕ್ಕ ಕುಂತಾಗ ನನ್ನ ನೆನಸ್ತೀರಿ, ಒಯ್ರಿ” ಅನ್ನುತ್ತಿದ್ದ.

ಮಗ ಶಂಕ್ರಪ್ಪನಿಗೆ ಈ ಮಾತು ಸಾಕಾಗಿತ್ತು. ಒಂದು ಸಂಜೆ ಅವನು ಬಜಾರದಿಂದ ಒಂದು ಕೈಚೀಲದ ತುಂಬ ಸಾಮಾನು ತಂದು ಪಡಸಾಲೆಯಲ್ಲಿ ಸುರುವಿದ. ಕುಬೇರಪ್ಪ ಆಗಷ್ಟೇ ಅಂಗಡಿಯ ಹಲಗೆ ಹಾಕಿ ಒಳಗೆ ಬಂದಿದ್ದ.

“ಇದೇನು?”

“ಬಜಾರದ ಮಾಲು. ಮಂದಿ ಯಾಕ ಅಲ್ಲಿಗೆ ಹೊಂಟಾರ ಅಂತ ನೋಡೂಣು ಅಂತ ತಂದೆ.”

“ಸ್ವಂತ ಅಂಗಡಿ ಇಟ್ಟಾವ್ರು ಮಂದಿ ಅಂಗಡಿಯಿಂದ ಸಂತಿ ಮಾಡೂದು ಛಲೋ ಕಾಣ್ತತಿ ಏನಲೇ? ನಾಲ್ಕು ಮಂದಿ ನೋಡಿರಬೇಕು.”

“ನೋಡ್ಲಿ. ನಾಲ್ಕು ಮಂದಿ ನಮ್ಮ ಅಂಗಡ್ಯಾಗ ಎಲ್ಲಿ ಅದಾರ ಈಗ?”

ಕುಬೇರಪ್ಪನ ಹೆಂಡತಿ ನೀಲಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಬೇಳೆಯ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಸೊಸೆ ಕಸ್ತೂರೆವ್ವ ಚಹಪುಡಿಯ ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದಳು.

“ವಾಸನಿ ಛಲೋ ಐತ್ರಿ ಮಾವಾರ.”

ಕುಬೇರಪ್ಪ ಪೊಟ್ಟಣ ಇಸಿದುಕೊಂಡು ತಾನೂ ಮೂಸಿ ನೋಡಿ, “ತಂದದ್ದು ತಂದೀರಿ, ಅಡಗಿ ಮಾಡ್ರಿ. ನಮ್ಮದೂ ಮಾಡ್ರಿ, ಅವರದೂ ಮಾಡ್ರಿ. ಯಾವುದು ಯಾರದು ಅಂತ ಮೊದಲ ಹೇಳಿ ಬಡಸ್ರಿ. ನಾ ಸುಳ್ಳು ಹೇಳಾವಲ್ಲ,” ಎಂದ.

ಆ ವಾರವಿಡೀ ಮನೆಯಲ್ಲಿ ಎರಡು ಅಡುಗೆ. ಮುಂಜಾನೆ ಎರಡು ಪಾತ್ರೆಯಲ್ಲಿ ಚಹ. ಕುಬೇರಪ್ಪ ತನ್ನ ಅಂಗಡಿಯಲ್ಲಿ ಮಾರುವ ಕಂಪನಿ ಚಹ ಕುಡಿದ, ಹೆಸರಿಲ್ಲದ ಬಜಾರದ ಚಹ ಕುಡಿದ, ಮತ್ತೊಮ್ಮೆ ಎರಡನ್ನೂ ಕುಡಿದ.

“ಫರಕಿಲ್ಲ,” ಎಂದ.

“ಹಂಗಾದ್ರ ಆ ಡಬ್ಬಿ ಮ್ಯಾಲಿನ ಚಿತ್ರಕ್ಕ ರೊಕ್ಕ ಕೊಡಾಕತ್ತಾರ ಮಂದಿ,” ಎಂದ ಶಂಕ್ರಪ್ಪ.

“ಫರಕಿಲ್ಲ ಅಂದ್ನೆಲ್ಲ, ಮತ್ತ ಮತ್ತ ಯಾಕ ಅನಿಸ್ತಿ?”

ಸಕ್ಕರೆಯಲ್ಲೂ ಫರಕಿರಲಿಲ್ಲ. ಉಪ್ಪಿನಲ್ಲೂ ಇರಲಿಲ್ಲ. ಬಟ್ಟೆ ಸಾಬೂನು ಬಜಾರದ್ದೇ ಒಂದು ಕೈ ಮೇಲಿತ್ತು. ಕುಬೇರಪ್ಪನ ಧೋತರ ಅದರಲ್ಲೇ ಬೆಳ್ಳಗಾಯಿತು. ಖಾರಪುಡಿಯ ದಿನ ಮಾತ್ರ ಮನೆಯವರೆಲ್ಲ ನಕ್ಕರು. ಬಜಾರದ ಪುಡಿ ಹಾಕಿದ ಬದನೆಕಾಯಿ ಪಲ್ಯ ಕೆಂಪಗೆ ಕಂಡಿತು, ಆದರೆ ರೊಟ್ಟಿಗೆ ಹಚ್ಚಿಕೊಂಡರೆ ರುಚಿಯೂ ಇಲ್ಲ, ಖಾರವೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ನೀಲಕ್ಕನೂ ಕಸ್ತೂರೆವ್ವನೂ ಒನಕೆ ಹಿಡಿದು ಕುಟ್ಟಿದ ಪುಡಿಯ ಪಲ್ಯ ತಾಟಿನಲ್ಲಿ ಒಂದು ಚೂರೂ ಉಳಿಯಲಿಲ್ಲ.

ವಾರದ ಕೊನೆಗೆ ತೊಗರಿಬೇಳೆ. ಅಂಗಡಿ ನಡೆಯುವುದೇ ತೊಗರಿಬೇಳೆಯ ಮೇಲೆ, ಹಾಗಾಗಿ ಕುಬೇರಪ್ಪ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಸ್ವಲ್ಪ ಗಂಭೀರವಾಗಿಯೇ ಊಟಕ್ಕೆ ಕುಳಿತ. ಎರಡು ಬಟ್ಟಲು ಸಾರು ಬಂತು. ಒಂದಾದ ಮೇಲೊಂದರಂತೆ ಎರಡನ್ನೂ ಅನ್ನದ ಮೇಲೆ ಹಾಕಿಕೊಂಡು ಉಂಡ. ರೂಢಿಯಂತೆ ತಾಟು ತೊಳೆದು ಆ ನೀರನ್ನೂ ಕುಡಿದು ಮುಗಿಸಿದ.

“ಎರಡೂ ಒಂದೇ ಆಗ್ಯಾವ,” ಎಂದ. ದನಿ ಇಳಿದಿತ್ತು. “ಇದು ಹ್ಯಾಂಗ? ನಾ ಕೈ ಹಾಕಿ ನೋಡಿ ತಂದ ಮಾಲು.”

“ಒಂದೇ ಗಿರಣಿದು ಇರಬೇಕ್ರಿ ಮಾವಾರ,” ಎಂದಳು ಕಸ್ತೂರೆವ್ವ. “ಆದ್ರ ಒಂದು ಮಾತು ಐತ್ರಿ. ಬಜಾರದ್ದನ್ನ ಹಸನ ಮಾಡಾಕ ನನಗ ಇಡೀ ಮಧ್ಯಾಹ್ನ ಹಿಡೀತು. ಹರಳು, ಹೊಟ್ಟು, ಹುಳಕು ಎಲ್ಲಾ ಬಂತು. ನಮ್ಮದು ಡಬ್ಬ್ಯಾಗಿಂದ ತಗದು ಹಂಗೇ ತೊಳದು ಇಟ್ನಿ. ಅದನ್ನ ಹೋದ ವಾರನ ಅತ್ಯಾರೂ ನಾನೂ ಹಸನ ಮಾಡಿದ್ವಿ.”

ಆ ಮನೆಯಲ್ಲಿ ಅದು ದಿನದ ಕೆಲಸ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ಚೀಲ ಬಿಚ್ಚಿ, ಸಾಣಿಗೆ ಹಿಡಿದು, ಮೊರದಲ್ಲಿ ಕೇರಿ, ಹರಳು ಆರಿಸಿ, ಅಂಗಡಿಯ ಡಬ್ಬಿಗಳಿಗೆ ತುಂಬುವುದು. ನೀಲಕ್ಕ ಮದುವೆಯಾಗಿ ಬಂದ ವರ್ಷದಿಂದ ಮಾಡುತ್ತಿದ್ದಳು. ಕಸ್ತೂರೆವ್ವ ಬಂದಮೇಲೆ ಇಬ್ಬರಾದರು.

ಶಂಕ್ರಪ್ಪ ತೊಡೆ ತಟ್ಟಿದ. “ಹಂಗಾದ್ರ ಗೊತ್ತಾತಲ್ಲಪ್ಪಾ. ಮಾಲು ಒಂದೇ. ನಾಳಿಯಿಂದ ನಾವೂ ಬಜಾರದ ದರಕ್ಕ ಇಳಸೂಣು. ಹಸನ ಮಾಡೂದು ಬಿಟ್ಬಿಡೂಣು. ಬೇಕಾದಾವ್ರು ಮನ್ಯಾಗ ಆರಿಸ್ಕೊಳ್ಳಿ.”

“ಹಸನ ಮಾಡೂದು ಬಿಟ್ರ ಏನ್ ಉಳಿತಾಯ ಆಗ್ತತಿ?” ಎಂದ ಕುಬೇರಪ್ಪ.

“ಏನೂ ಇಲ್ಲ. ಅದಕ್ಕೇನ್ ಖರ್ಚೈತಿ? ಮನ್ಯಾಗಿನ ಹೆಂಗಸ್ರು ಕುಂತು ಮಾಡ್ತಾರ.”

“ಅದೂ ಖರೆ,” ಎಂದ ಕುಬೇರಪ್ಪ. “ಖರ್ಚಿಲ್ಲದ್ದು. ಬಿಡೂದ್ಯಾಕ, ಅದು ನಡೀಲಿ.”

ನೀಲಕ್ಕ ಸಾರಿನ ಪಾತ್ರೆ ಎತ್ತಿಕೊಂಡು ಹೊರಟವಳು ನಿಂತಳು.

“ಖರ್ಚಿಲ್ಲೇನ?”

ಅವಳು ಮತ್ತೆ ಕೇಳಿದಳು. “ಶಂಕ್ರ, ನಿನ್ನ ಕೇಳಾಕತ್ತೇನಿ. ಖರ್ಚಿಲ್ಲೇನ?”

“ರೊಕ್ಕದ ಖರ್ಚು ಅಂದೆ ಯವ್ವಾ.”

“ಇರ್ಲಿ. ಖರ್ಚಿಲ್ಲದ ಕೆಲಸ ಮಾಡದಿದ್ರೂ ನಡೀತತಿ.”

ಮರುದಿನ ಮಧ್ಯಾಹ್ನ ಊಟವಾದ ಮೇಲೆ ನೀಲಕ್ಕ ತಟ್ಟು ಹಾಸಲಿಲ್ಲ. ಕೈ ಒರೆಸಿಕೊಂಡು, ಸೆರಗು ಹೊದ್ದು, ಮಠದ ಓಣಿಯಲ್ಲಿದ್ದ ತಂಗಿ ಮಲ್ಲಕ್ಕನ ಮನೆಗೆ ಹೋಗಿ ಸಂಜೆತನಕ ಕೂತು ಬಂದಳು. ಕಸ್ತೂರೆವ್ವ ಒಬ್ಬಳೇ ಮೊರ ಹಿಡಿದು ಕುಳಿತವಳು, ಅತ್ತೆ ಬಾಗಿಲು ದಾಟಿದ ಸ್ವಲ್ಪ ಹೊತ್ತಿಗೆ ತಾನೂ ಮೊರ ಗೋಡೆಗೆ ಆನಿಸಿ ಎದ್ದಳು.

ಶಂಕ್ರಪ್ಪ ಅಂಗಡಿಯಿಂದ ಒಳಗೆ ಇಣುಕಿ, “ಯಾಕ, ಮೈಗೆ ಆರಾಮಿಲ್ಲೇನ?” ಎಂದ.

“ಆರಾಮ ಅದೀನ್ರಿ. ಅದಕ್ಕ ಮಲ್ಕೋತೇನಿ,” ಎಂದಳು.

ಊಟ, ಚಹ, ರೊಟ್ಟಿ, ದನದ ಕೆಲಸ ಯಾವುದೂ ನಿಲ್ಲಲಿಲ್ಲ. ನೀಲಕ್ಕ ಗಂಡನಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಶೇಂಗಾ ಹಿಂಡಿ, ಮೊಸರು ಕೇಳುವ ಮೊದಲೇ ಬಡಿಸುತ್ತಿದ್ದಳು. ಮುಖ ಗಂಟು ಹಾಕಲಿಲ್ಲ. ಅಂಗಡಿಯ ಚೀಲಗಳನ್ನು ಮಾತ್ರ ಮುಟ್ಟಲಿಲ್ಲ. ಮನೆಗೆ ಬೇಕಾದಷ್ಟು ಬೇಳೆಯನ್ನು ಹಸನು ಮಾಡಿ ಬೇರೆ ಗಡಿಗೆಯಲ್ಲಿ ಇಟ್ಟುಕೊಂಡಳು. ಕುಬೇರಪ್ಪ ಕೇಳಬೇಕೆಂದು ಎರಡು ಸಲ ಬಾಯಿ ತೆರೆದ. “ಏನ್ರಿ, ಇನ್ನೊಂದು ರೊಟ್ಟಿ ಹಾಕ್ಲೇನ?” ಎಂದು ಅವಳೇ ಕೇಳಿದಳು. ಅವನು ಹೂಂ ಎಂದ.

ಶಂಕ್ರಪ್ಪ ದರ ಇಳಿಸಿದ. ಹಳೆಯ ಗಿರಾಕಿಗಳು ತಿರುಗಿ ಬಂದರು. ಒಂದೆರಡು ವಾರ ಅಂಗಡಿಯ ಮುಂದೆ ಜನ ಕಂಡರು, ಅವನು ತಂದೆಯ ಮುಖ ನೋಡಿ ನೋಡಿ ತೂಗಿದ. ಆಮೇಲೆ ಒಬ್ಬೊಬ್ಬರೇ ಮಾತು ತಂದರು. ಒಬ್ಬಳು ರವೆಯಲ್ಲಿ ಹುಳ ಬಂತೆಂದಳು. ಇನ್ನೊಬ್ಬಳು ಕಡಲೆಬೇಳೆಯಲ್ಲಿ ಮಣ್ಣಿನ ಹೆಂಟೆ ಸಿಕ್ಕಿತೆಂದಳು. “ಬಜಾರದಾಗ ಹಿಂಗೇ ಇರ್ತಾವಲ್ಲ,” ಎಂದು ಶಂಕ್ರಪ್ಪ ಹೇಳಿದ್ದಕ್ಕೆ, “ಹಂಗಾದ್ರ ಬಜಾರಕ್ಕ ಹೋಗ್ತೇವಲ್ಲೋ ತಮ್ಮ, ನೀ ಯಾಕ ಬೇಕು?” ಎಂದು ಅವಳು ನಗುತ್ತಲೇ ಹೋದಳು.

ಖಾದರಬಿ ಬಂದ ದಿನ ಕುಬೇರಪ್ಪನೇ ಗಾದಿಯ ಮೇಲಿದ್ದ. ಅವಳು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಬಜಾರ ಅವಳ ಬಾಗಿಲೆದುರೇ ಇದ್ದರೂ ಬೇಳೆಗೆ ಇಲ್ಲಿಗೇ ಬರುತ್ತಿದ್ದಳು. ಒಯ್ದಿದ್ದ ಬೇಳೆಯ ಡಬ್ಬಿಯನ್ನು ತಕ್ಕಡಿಯ ಪಕ್ಕ ಇಟ್ಟು ನಿಂತಳು.

“ಸಾವ್ಕಾರ್ರ, ಬಜಾರದ ಬ್ಯಾಳಿ ಆಗಿದ್ರ ಆರಿಸಿ ಹಾಕ್ತಿದ್ದೆ. ನಿಮ್ಮ ಅಂಗಡಿದು ಅಂತ ಹಂಗೇ ತೊಳದು ಒಲಿ ಮ್ಯಾಲ ಇಟ್ಟೆ. ಬಸ್ಸಿನ ಡ್ರೈವರ್ ಊಟಕ್ಕ ಬಂದಿದ್ದ. ಎರಡನೇ ತುತ್ತಿಗೆ ಹಲ್ಲು ಹಿಡಕೊಂಡ.”

“ಜಗಳ ತಗದನೇನ?”

“ಇಲ್ರಿ. ಏನೂ ಅನ್ನಲಿಲ್ಲ. ಹರಳು ತಾಟಿನ ಅಂಚಿಗೆ ಇಟ್ಟು, ರೊಕ್ಕ ಕೊಟ್ಟು ಹೋದ. ಜಗಳ ಮಾಡಿದ್ರ ಪಾಡಿತ್ತು. ನನಗ ನಾಚಿಕಿ ಆಗಿ ತಲಿ ಎತ್ತಲಿಲ್ಲ.”

ಕುಬೇರಪ್ಪ ಗಲ್ಲಾ ತೆಗೆದು ರೊಕ್ಕ ಎಣಿಸಹೋದ. ಖಾದರಬಿ ಕೈ ಅಡ್ಡ ಹಿಡಿದಳು.

“ರೊಕ್ಕ ಬ್ಯಾಡ್ರಿ. ಮೊದಲಿನ ಬ್ಯಾಳಿ ಕೊಡ್ರಿ.”

“ಮೊದಲಿನ ಬ್ಯಾಳಿ ಇಲ್ಲ ಬೇ.”

“ಯಾಕ್ರಿ, ಮಾಲು ತರೂ ಕಡೆ ಬದಲಿ ಮಾಡಿದ್ರೇನ?”

“ಇಲ್ಲ. ಮಾಲು ಅದೇ ಐತಿ,” ಎಂದು ಕುಬೇರಪ್ಪ ಗಲ್ಲಾ ಮುಚ್ಚಿದ. ಖಾದರಬಿ ಡಬ್ಬಿ ಅಲ್ಲೇ ಬಿಟ್ಟು, “ಬಂದಾಗ ಹೇಳಿ ಕಳಸ್ರಿ,” ಎಂದು ಹೋದಳು.

ಅವಳು ಓಣಿ ತಿರುಗುವತನಕ ನೋಡಿ, ಕುಬೇರಪ್ಪ ಒಳಗೆ ಹೋದ. ಗೋಡೆಗೆ ಆನಿಸಿದ್ದ ಮೊರವನ್ನೂ ಸಾಣಿಗೆಯನ್ನೂ ಎತ್ತಿಕೊಂಡು ಬಂದು, ಎಲ್ಲರಿಗೂ ಕಾಣುವಂತೆ ಗಾದಿಯ ಮೇಲೆಯೇ ಕುಳಿತ. ಖಾದರಬಿಯ ಡಬ್ಬಿಯ ಬೇಳೆಯನ್ನು ಮೊರಕ್ಕೆ ಸುರುವಿಕೊಂಡು ಕೇರಿದ. ಮೊದಲ ಏಟಿಗೆ ಅರ್ಧ ಬೇಳೆ ಅಂಗಡಿಯ ಮೆಟ್ಟಿಲ ಮೇಲೆ ಬಿತ್ತು, ಹೊಟ್ಟು ಮೊರದಲ್ಲೇ ಉಳಿಯಿತು. ಅದನ್ನು ಬಳಿದುಕೊಂಡು ಮತ್ತೆ ಕುಳಿತ. ಹರಳೂ ಬೇಳೆಯೂ ಒಂದೇ ಬಣ್ಣ. ಕಣ್ಣಿಗೆ ಚಾಳೀಸು ಹಾಕಿಕೊಂಡು ಬಗ್ಗಿದ. ಬೆನ್ನು ನೋಯತೊಡಗಿತು, ಎದ್ದು ಗೋಡೆಗೆ ಒರಗಿ ಮತ್ತೆ ಕುಳಿತ.

ಅದೇ ದಾರಿಯಲ್ಲಿ ಮನೆಗೆ ಹೊರಟಿದ್ದ ಸಾಲೆಯ ಲಕ್ಷ್ಮಪ್ಪ ಮಾಸ್ತರರು ನಿಂತರು. “ಏನ್ರಿ ಸಾವ್ಕಾರ್ರ, ಇದನ್ನ ನೀವ ಹಿಡದೀರಿ?”

“ಕಲ್ಯಾಕತ್ತೇನ್ರಿ.”

“ಈ ವಯಸ್ಸಿನ್ಯಾಗ?”

“ಮೊದಲ ಕಲತಿದ್ರ ಛಲೋ ಇತ್ರಿ,” ಎಂದ ಕುಬೇರಪ್ಪ, ತಲೆ ಎತ್ತದೆ.

ಹೊತ್ತು ಮುಳುಗುವ ಹೊತ್ತಿಗೆ ಒಂದು ಡಬ್ಬಿಯೂ ಮುಗಿದಿರಲಿಲ್ಲ. ನೀಲಕ್ಕ ಮಲ್ಲಕ್ಕನ ಮನೆಯಿಂದ ಬಂದವಳು ಮೆಟ್ಟಿಲ ಮೇಲೆ ಚೆಲ್ಲಿದ ಬೇಳೆ ನೋಡಿದಳು, ಗಂಡನನ್ನು ನೋಡಿದಳು. ಮೊರದಲ್ಲಿದ್ದ ಬೇಳೆಯ ಮೇಲೆ ಒಮ್ಮೆ ಕೈ ಆಡಿಸಿ ಮೂರು ಹರಳು ಹೆಕ್ಕಿ ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಕುಬೇರಪ್ಪನೇ ಮಾತು ತೆಗೆದ. “ಶಂಕ್ರ, ದರ ಇಳಿಸಿದ್ದು ನಿನ್ನ ತಪ್ಪಲ್ಲ. ಖರ್ಚಿಲ್ಲ ಅಂದದ್ದು ನಂದೂ ತಪ್ಪು. ಮೂವತ್ತು ವರ್ಷ ಮಂದಿ ನನ್ನ ಮಾಲು ಹೊಗಳಿದ್ರು. ಮಾಲು ನೋಡಿ ತರೂ ನನ್ನ ಕಣ್ಣನ್ನ ಹೊಗಳ್ತಾರ ಅಂತ ತಿಳಕೊಂಡಿದ್ದೆ.”

ಶಂಕ್ರಪ್ಪ ರೊಟ್ಟಿ ಮುರಿಯುತ್ತ, “ತಪ್ಪಾತವ್ವ,” ಎಂದ.

“ತಪ್ಪು ಒಪ್ಪು ಬ್ಯಾಡ ನನಗ,” ಎಂದಳು ನೀಲಕ್ಕ. “ಖರ್ಚೈತಿ ಅನ್ನು.”

“ಐತಿ.”

“ಏನ್ ಐತಿ?”

“ಖರ್ಚು ಐತವ್ವ.”

“ಹಾಂ. ಈಗ ಪಲ್ಯ ಹಾಕಿಸ್ಕೊ.”

ಕಸ್ತೂರೆವ್ವ ನಗು ತಡೆಯಲು ಒಲೆಯ ಕಡೆ ತಿರುಗಿದಳು. ಆಮೇಲೆ ಅಲ್ಲಿಂದಲೇ ಹೇಳಿದಳು. “ಮಾವಾರ, ಬ್ಯಾಳಿ ಎರಡು ತರ ಇಡೂಣ್ರಿ. ಹಂಗೇ ಇದ್ದದ್ದು ಬಜಾರದ ದರಕ್ಕ ಕೊಡ್ರಿ, ಆರಿಸ್ಕೊಳ್ಳೂ ಹೊತ್ತಿದ್ದಾವ್ರು ಒಯ್ಲಿ. ಹಸನ ಮಾಡಿದ್ದು ಬ್ಯಾರೆ ಡಬ್ಬ್ಯಾಗ ಇಡೂಣು. ಅದರ ದರ ಅತ್ಯಾರು ಹೇಳ್ತಾರ. ಹೆಚ್ಚಿಗಿ ಬಂದದ್ದು ಅತ್ಯಾರ ಕೈಯಾಗ ಇರ್ಲಿ.”

“ಆಗ್ಲಿ,” ಎಂದ ಕುಬೇರಪ್ಪ.

“ಮತ್ತ ಅದನ್ನ ತೂಗಿ ಕೊಡಾಕಿ ನಾನು,” ಎಂದಳು ನೀಲಕ್ಕ.

ಕುಬೇರಪ್ಪ ತಲೆ ಎತ್ತಿದ. “ಅಂಗಡ್ಯಾಗ ಕುಂದ್ರತೀಯೇನ? ನಮ್ಮ ಮನ್ಯಾಗ ಹೆಂಗಸ್ರು ಗಾದಿ ಹತ್ತಿದ್ದಿಲ್ಲ.”

“ಹಿಂದ ಕುಂತು ಆರಿಸಾಕಿ ನಾನು. ಮುಂದ ಕುಂತು ತೂಗಿದ್ರ ಏನಾಗ್ತತಿ?”

“ಮಂದಿ ಏನಂದಾರು?”

“ನೀವು ಮೊರ ಹಿಡದು ಕುಂತಾಗ ಏನಂದ್ರು?”

ಕುಬೇರಪ್ಪ ಕೈ ತೊಳೆದುಕೊಂಡು, “ಸೋಮವಾರ ಛಲೋ ದಿನ. ಅವತ್ತ ಕುಂದ್ರು,” ಎಂದ.

ಸೋಮವಾರ ನೀಲಕ್ಕ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಗಾದಿಯ ಎಡಕ್ಕೆ ಕುಳಿತಳು. ಮುಂದೆ ಬೇಳೆಯ ಎರಡು ಡಬ್ಬಿ, ಖಾರಪುಡಿಯ ಒಂದು ಡಬ್ಬಿ. ಮೊದಲು ಬಂದವಳು ಖಾದರಬಿ. ಕುಬೇರಪ್ಪ ಹಿಂದಿನ ದಿನವೇ ಹೇಳಿ ಕಳಿಸಿದ್ದ. ಅವಳು ಬೇಳೆಯನ್ನು ಮುಟ್ಟಿಯೂ ನೋಡಲಿಲ್ಲ, ನೀಲಕ್ಕನನ್ನು ನೋಡಿದಳು.

“ಅಕ್ಕಾರ, ನೀವೇನ್ರಿ ಇಷ್ಟು ದಿವ್ಸ ಆರಿಸ್ತಿದ್ದಾವ್ರು?”

“ನಾನೂ ನನ್ನ ಸೊಸಿನೂ.”

“ಬಸ್ಸಿನ್ಯಾವ್ರು ನನ್ನ ಸಾರು ಹೊಗಳ್ತಿದ್ರು. ಅದರಾಗ ನಿಮ್ಮ ಪಾಲೂ ಐತಿ,” ಎಂದು ಖಾದರಬಿ ತಾನು ಬಿಟ್ಟುಹೋಗಿದ್ದ ಡಬ್ಬಿಯನ್ನು ಅವಳ ಮುಂದೆ ಸರಿಸಿದಳು. ನೀಲಕ್ಕ ದರ ಹೇಳಿದಳು, ಮೊದಲಿನ ದರಕ್ಕಿಂತ ಸ್ವಲ್ಪ ಹೆಚ್ಚೇ. ಖಾದರಬಿ ಚೌಕಾಸಿ ಮಾಡಲಿಲ್ಲ.

ಮಧ್ಯಾಹ್ನ ಲಕ್ಷ್ಮಪ್ಪ ಮಾಸ್ತರರು ಸಕ್ಕರೆ, ಚಹಪುಡಿ ಬೇಕೆಂದು ಬಂದರು. ಕುಬೇರಪ್ಪ ತಕ್ಕಡಿಗೆ ಕೈ ಹಾಕುವ ಮೊದಲೇ ನೀಲಕ್ಕ, “ಅವೆರಡು ಬಜಾರದಾಗ ತಗೋರಿ ಮಾಸ್ತರ. ಅಲ್ಲಿ ಸೋವಿ ಅದಾವ, ನಮ್ಮ ಮಾಲಿಗೂ ಅದಕ್ಕೂ ಫರಕಿಲ್ಲ,” ಎಂದಳು. ಶಂಕ್ರಪ್ಪ ಹಿಂದೆ ನಿಂತು ಕೆಮ್ಮಿದ. ಮಾಸ್ತರರು ನಗುತ್ತ ಹೋದರು.

“ಬಂದ ಗಿರಾಕಿನ್ನ ಬಾಗಲದಿಂದ ಕಳಸೂದ?” ಎಂದ ಕುಬೇರಪ್ಪ.

“ಎರಡು ಚಾ ಕುಡದು ಫರಕಿಲ್ಲ ಅಂದಾವ್ರು ನೀವು. ಒಳಗೊಂದು ಹೊರಗೊಂದು ಮಾತು ನನಗ ಬರೂದಿಲ್ಲ.”

ಕುಬೇರಪ್ಪ ಸಿಟ್ಟಿನಿಂದ ಪೇಪರ್ ಎತ್ತಿಕೊಂಡ. ಅರ್ಧ ತಾಸಿನಲ್ಲಿ ಮಾಸ್ತರರು ತಿರುಗಿ ಬಂದರು; ಬಜಾರದ ಚೀಲ ಕೈಯಲ್ಲೇ ಇತ್ತು. ಅವರ ಹಿಂದೆ ಅವರ ಹೆಂಡತಿಯೂ ಇದ್ದಳು. “ಯಾವುದು ಅಲ್ಲಿ ತಗೊಬೇಕು ಅಂತ ಹೇಳಿದಾಕಿ, ಯಾವುದು ಇಲ್ಲಿ ತಗೊಬೇಕು ಅಂತನೂ ಖರೆ ಹೇಳ್ತಾಳ ಅಂದ್ಳು ನಮ್ಮಾಕಿ,” ಎಂದರು. ಅವರು ಬೇಳೆ ಒಯ್ದರು, ಖಾರಪುಡಿ ಒಯ್ದರು, ಮಗಳ ಮನೆಗೂ ಬೇಕೆಂದು ಮತ್ತಷ್ಟು ಕಟ್ಟಿಸಿಕೊಂಡರು. ಕುಬೇರಪ್ಪ ಪೇಪರಿನ ಹಿಂದಿನಿಂದ ಎಲ್ಲವನ್ನೂ ಕೇಳುತ್ತ ಕುಳಿತಿದ್ದ.

ಮಳೆಗಾಲ ಹಿಡಿಯುವ ಹೊತ್ತಿಗೆ ಅಂಗಡಿ ತನ್ನ ದಾರಿ ಕಂಡುಕೊಂಡಿತ್ತು. ಚಿತ್ರದ ಚಹಡಬ್ಬಿ ತರಿಸುವುದನ್ನು ಕುಬೇರಪ್ಪ ಕಡಿಮೆ ಮಾಡಿದ. ಶಂಕ್ರಪ್ಪ ಬ್ಯಾಡಗಿಗೆ ತಾನೇ ಹೋಗಿ ಮೆಣಸಿನಕಾಯಿ ತರತೊಡಗಿದ. ತಂದದ್ದನ್ನು ಮೊದಲು ಹೆಂಡತಿಗೆ ತೋರಿಸಿ ಅವಳು ಹೂಂ ಅಂದ ಮೇಲೆ ಕೆಳಗಿಡುತ್ತಿದ್ದ. ನೀಲಕ್ಕ ತನ್ನ ಕೈಗೆ ಬಂದದ್ದರಲ್ಲಿ ಸೊಸೆಗೆ ಒಂದು ಜೋಡಿ ಬೆಳ್ಳಿ ಕಾಲುಂಗುರ ಮಾಡಿಸಿದಳು. ತನಗೊಂದು ಚಾಳೀಸು ಕೊಂಡಳು.

ಒಂದು ದಿನ ಕುಂದಗೋಳದಿಂದ ಇಬ್ಬರು ಬಂದರು. ಮನೆಯಲ್ಲಿ ಮದುವೆ, ಎರಡು ಚೀಲ ತೊಗರಿಬೇಳೆ ಬೇಕು ಎಂದರು. ಕುಬೇರಪ್ಪನಿಗೆ ಇಷ್ಟು ದೊಡ್ಡ ಗಿರಾಕಿ ಬಂದು ವರ್ಷವಾಗಿತ್ತು. ಅವನು ದರ ಹೇಳಲು ಬಾಯಿ ತೆರೆದು, ಹೆಂಡತಿಯ ಕಡೆ ತಿರುಗಿದ.

“ಹಸನ ಮಾಡಿದ್ದು ಬೇಕೇನ್ರಿ?” ಎಂದು ನೀಲಕ್ಕ ಅವರನ್ನೇ ಕೇಳಿದಳು.

“ಹೌದ್ರಿ. ಅದಕ್ಕಂತನ ಇಲ್ಲಿತನಕ ಬಂದೇವಿ. ಬಸ್ ಸ್ಟ್ಯಾಂಡಿನ ಖಾನಾವಳ್ಯಾಗ ಊಟ ಮಾಡಿದ್ವಿ, ಆಯಮ್ಮ ನಿಮ್ಮ ಹೆಸರು ಹೇಳಿದ್ಲು.”

“ಎರಡು ಚೀಲಕ್ಕ ಹದಿನೈದು ದಿವ್ಸ ಹಿಡೀತತಿ. ಗಡಿಬಿಡಿ ಇದ್ರ ಬಜಾರದಾಗ ಇವತ್ತ ಸಿಗ್ತತಿ, ಸೋವಿನೂ ಐತಿ. ನೀವ ಆರಿಸ್ಕೊಬೇಕು.”

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವನು, “ಮದುವಿ ಇನ್ನ ತಿಂಗಳೈತ್ರಿ. ಕಾಯ್ತೇವಿ,” ಎಂದ.

ಅವರು ಹೋದ ಮೇಲೆ ಕುಬೇರಪ್ಪ ಎದ್ದು ಧೋತರದ ಕಚ್ಚೆ ಬಿಗಿದುಕೊಂಡ. ಮಗ ಬರುತ್ತೇನೆಂದರೂ ಬೇಡವೆಂದು, ಬೇಳೆಯ ಚೀಲವನ್ನು ತಾನೇ ಬೆನ್ನ ಮೇಲೆ ಹೊತ್ತು ಪಡಸಾಲೆಗೆ ತಂದು ಕಂಬದ ಬುಡಕ್ಕೆ ಇಳಿಸಿ ಉಸಿರು ಬಿಟ್ಟ. ನೀಲಕ್ಕ ತಟ್ಟು ಹಾಸುತ್ತಿದ್ದಳು. ಚಾಳೀಸಿನ ಮೇಲಿಂದ ಅವನನ್ನು ನೋಡಿ ಹೇಳಿದಳು.

“ಅಲ್ಲಿ ಬ್ಯಾಡ್ರಿ. ಈ ಕಡೆ ಇಡ್ರಿ, ಬೆಳಕು ಛಲೋ ಐತಿ.”

ಕುಬೇರಪ್ಪ ಚೀಲವನ್ನು ಮತ್ತೆ ಎತ್ತಿಕೊಂಡು ಅವಳು ತೋರಿಸಿದಲ್ಲಿ ಇಟ್ಟ.